ಅಗಲವಾದ ಸಮೀಕ್ಷಾ ಹಾಳೆಯನ್ನು ಪಿವಟ್ ಟೇಬಲ್‌ಗೆ ಸಿದ್ಧಪಡಿಸುವ ಕ್ರಮ

ಸಮೀಕ್ಷೆಯ ಉತ್ತರಗಳು ಸಾಮಾನ್ಯವಾಗಿ ಅಗಲವಾದ ರೂಪದಲ್ಲೇ ಕೈಗೆ ಬರುತ್ತವೆ: ಒಬ್ಬರಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಉತ್ತರಗಳನ್ನು ತುಂಬುವುದಕ್ಕೆ ಈ ರೂಪವೇ ಅನುಕೂಲ. ಆದರೆ ಇದನ್ನು ಹಾಗೆಯೇ, ಸಾಲುಗಳನ್ನು ಗುಂಪು ಮಾಡಿ ಎಣಿಕೆ ಅಥವಾ ಸರಾಸರಿ ತೋರಿಸುವ ಸಾರಾಂಶ ಕೋಷ್ಟಕವಾದ ಪಿವಟ್ ಟೇಬಲ್‌ಗೆ ಕೊಟ್ಟರೆ, 18 ಪ್ರಶ್ನೆಗಳಿದ್ದಲ್ಲಿ ಫೀಲ್ಡ್‌ಗಳ ಪಟ್ಟಿಯಲ್ಲಿ 18 ಹೆಸರುಗಳು ಬಂದು ನಿಲ್ಲುತ್ತವೆ. ಒಂದೊಂದನ್ನೂ ಎಳೆದು ತಂದು ಸರಾಸರಿಗೆ ಹೊಂದಿಸಬೇಕಾಗುತ್ತದೆ. ಅಷ್ಟು ಮಾಡಿದರೂ ಯಾವ ಪ್ರಶ್ನೆಗೆ ಎಷ್ಟು ಮಂದಿ 5 ಅಂಕ ಕೊಟ್ಟಿದ್ದಾರೆ, ಎಷ್ಟು ಮಂದಿ 1 ಕೊಟ್ಟಿದ್ದಾರೆ ಎಂಬುದು ಒಂದೇ ಕೋಷ್ಟಕದಲ್ಲಿ ಸಿಗುವುದಿಲ್ಲ. ಪಿವಟ್ ಟೇಬಲ್ ಗುಂಪು ಮಾಡುವುದು ಕಾಲಂನೊಳಗಿರುವ ಮೌಲ್ಯಗಳನ್ನು. ನಮ್ಮ ಪ್ರಶ್ನೆಗಳಾದರೋ ಕಾಲಂಗಳ ತಲೆಬರಹದಲ್ಲಿವೆ. ಅವುಗಳನ್ನು ತಲೆಬರಹದಿಂದ ಇಳಿಸಿ ಸಾಲುಗಳೊಳಗೆ ತರಬೇಕು.

ಒಂದು ತರಬೇತಿಯ ಬಗ್ಗೆ 40 ಮಂದಿಯನ್ನು 6 ಪ್ರಶ್ನೆ ಕೇಳಲಾಗಿದೆ, ಪ್ರತಿ ಪ್ರಶ್ನೆಗೂ 1ರಿಂದ 5ರವರೆಗೆ ಅಂಕ ಕೊಡಬೇಕು ಎಂದುಕೊಳ್ಳೋಣ. ಮೂಲ ಹಾಳೆಯಲ್ಲಿ 17ನೆಯವರ ಸಾಲಿನಲ್ಲಿ ಕ್ರಮಸಂಖ್ಯೆ, ವಯೋಗುಂಪು, ಬಳಿಕ ವಿಷಯಕ್ಕೆ 4, ವೇಗಕ್ಕೆ 3, ಸಾಮಗ್ರಿಗೆ ಖಾಲಿ ಸೆಲ್, ಹೀಗೆ ಮುಂದುವರಿಯುತ್ತದೆ. ಉದ್ದವಾದ ರೂಪದಲ್ಲಿ ಇದೇ ವ್ಯಕ್ತಿ ಹಲವು ಸಾಲುಗಳಲ್ಲಿ ಬರುತ್ತಾರೆ: ‘17, 30–39, ವಿಷಯ, 4’ ಎಂಬುದು ಒಂದು ಸಾಲು, ‘17, 30–39, ವೇಗ, 3’ ಎಂಬುದು ಇನ್ನೊಂದು. ಪ್ರಶ್ನೆಗಳು ಎಷ್ಟೇ ಇರಲಿ, ಕಾಲಂಗಳು ನಾಲ್ಕೇ. ಪ್ರಶ್ನೆಯ ಕಾಲಂ ಅನ್ನು ಸಾಲುಗಳ ಜಾಗಕ್ಕೂ ಅಂಕದ ಕಾಲಂ ಅನ್ನು ಮೌಲ್ಯಗಳ ಜಾಗಕ್ಕೂ ಎಳೆದರೆ ಸಾರಾಂಶ ಕೋಷ್ಟಕ ಸಿದ್ಧ.

ರೂಪ ಬದಲಿಸುವ ಮೊದಲು ಮೂಲ ಹಾಳೆಯ ಒಂದು ಪ್ರತಿಯನ್ನು ಮುಟ್ಟದೆ ಪಕ್ಕಕ್ಕಿಡಿ. ಬಳಿಕ ವಿಲೀನಗೊಳಿಸಿದ ಸೆಲ್‌ಗಳನ್ನು ಬಿಡಿಸಿ, ಎರಡು ಸಾಲಿನ ತಲೆಬರಹವಿದ್ದರೆ ಒಂದೇ ಸಾಲಿಗೆ ತನ್ನಿ. ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಇರಲೇಬೇಕು. ಅದಿಲ್ಲದೆ ಉದ್ದವಾಗಿಸಿದರೆ ಯಾವ ಉತ್ತರ ಯಾರದ್ದೆಂದು ಮತ್ತೆ ಗುರುತಿಸಲಾಗದು. ಪೂರ್ಣ ಪ್ರಶ್ನಾವಾಕ್ಯವನ್ನು ತಲೆಬರಹದಲ್ಲಿ ಇಡುವ ಬದಲು ‘ಪ್ರ01’, ‘ಪ್ರ02’ ಎಂಬ ಚಿಕ್ಕ ಗುರುತು ಕೊಟ್ಟು, ಗುರುತು, ವಾಕ್ಯ ಮತ್ತು ವಿಭಾಗ ಇರುವ ಪಟ್ಟಿಯನ್ನು ಬೇರೊಂದು ಹಾಳೆಯಲ್ಲಿ ಇಡುವುದು ನನ್ನ ಅನುಭವದಲ್ಲಿ ಬಹಳ ಉಪಯುಕ್ತ, ಏಕೆಂದರೆ ಮುಂದೆ ಪ್ರಶ್ನೆಯ ಒಂದು ಪದ ಬದಲಾದರೂ ಕೋಷ್ಟಕ ಕೆಡುವುದಿಲ್ಲ.

ಎಕ್ಸೆಲ್‌ನಲ್ಲಿ ಈ ಕೆಲಸಕ್ಕಿರುವ ಸಾಧನ ಪವರ್ ಕ್ವೆರಿ. 2010 ಮತ್ತು 2013ರ ಆವೃತ್ತಿಗಳಿಗೆ ಅದು ಪ್ರತ್ಯೇಕ ಆಡ್-ಇನ್ ಆಗಿತ್ತು. 2016ರಿಂದ ಡೇಟಾ ಟ್ಯಾಬ್‌ನಲ್ಲೇ ಸೇರಿದೆ. ದತ್ತಾಂಶದ ಒಳಗೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಟಿ ಒತ್ತಿ ಅದನ್ನು ಟೇಬಲ್ ಮಾಡಿ, ಡೇಟಾ ಟ್ಯಾಬ್‌ನಿಂದ ಪವರ್ ಕ್ವೆರಿಗೆ ಒಯ್ಯಿರಿ. ಅಲ್ಲಿ ಹಾಗೆಯೇ ಉಳಿಯಬೇಕಾದ ಕಾಲಂಗಳನ್ನು, ಅಂದರೆ ಕ್ರಮಸಂಖ್ಯೆ ಮತ್ತು ವಯೋಗುಂಪನ್ನು, ಆಯ್ದು ರೈಟ್ ಕ್ಲಿಕ್ ಮಾಡಿ ‘ಅನ್‌ಪಿವಟ್ ಅದರ್ ಕಾಲಮ್ಸ್’ (ಉಳಿದ ಕಾಲಂಗಳನ್ನು ಸಾಲುಗಳಾಗಿ ಬಿಡಿಸು) ಆರಿಸಿ. ಪ್ರಶ್ನೆಗಳನ್ನೇ ಆಯ್ದು, ಆಯ್ದವನ್ನು ಮಾತ್ರ ಬಿಡಿಸುವ ಆಜ್ಞೆಯೂ ಇದೆ; ಆದರೆ ಮುಂದಿನ ಸುತ್ತಿನಲ್ಲಿ ಎರಡು ಪ್ರಶ್ನೆ ಹೆಚ್ಚಾದರೆ ಅದು ಅವನ್ನು ಒಳಗೊಳ್ಳುವುದಿಲ್ಲ, ಮೊದಲ ಕ್ರಮ ತಾನಾಗಿಯೇ ಒಳಗೊಳ್ಳುತ್ತದೆ. ಫಲಿತಾಂಶದಲ್ಲಿ ‘ಆಟ್ರಿಬ್ಯೂಟ್’ ಮತ್ತು ‘ವ್ಯಾಲ್ಯೂ’ ಎಂಬ ಎರಡು ಕಾಲಂಗಳು ಬರುತ್ತವೆ. ಅವಕ್ಕೆ ‘ಪ್ರಶ್ನೆ’, ‘ಉತ್ತರ’ ಎಂದು ಹೆಸರಿಡಿ. ಪವರ್ ಕ್ವೆರಿ ಆರಂಭದಲ್ಲಿ ತಾನಾಗಿ ಸೇರಿಸುವ ‘ಚೇಂಜ್ಡ್ ಟೈಪ್’ ಹಂತವು ಕಾಲಂಗಳ ಹೆಸರನ್ನು ಹಿಡಿದುಕೊಂಡಿರುತ್ತದೆ, ಆದ್ದರಿಂದ ಮುಂದೆ ಒಂದು ತಲೆಬರಹ ಬದಲಾದರೂ ದೋಷ ಬರುತ್ತದೆ. ಆ ಹಂತವನ್ನು ಅಳಿಸಿ, ಅನ್‌ಪಿವಟ್ ಆದ ಮೇಲೆ ಕಾಲಂನ ಪ್ರಕಾರ (ಅಂಕಿಯೋ ಪಠ್ಯವೋ) ನಿಗದಿ ಮಾಡುವುದು ಲೇಸು.

ಈಗ ಸಾಲುಗಳನ್ನು ಎಣಿಸಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದೇ ಎಂದು ನಾನು ನಂಬಿದ್ದೇನೆ. 40 ಮಂದಿ, 6 ಪ್ರಶ್ನೆ. 240 ಸಾಲು ಬರಬೇಕಿತ್ತು, ಬಂದಿರುವುದು 233. ಉಳಿದ 7 ಸಾಲುಗಳು ಖಾಲಿ ಸೆಲ್‌ಗಳು. ಅನ್‌ಪಿವಟ್ ಮಾಡುವಾಗ ಪವರ್ ಕ್ವೆರಿ ಖಾಲಿ ಸೆಲ್‌ಗಳನ್ನು ಯಾವ ಸೂಚನೆಯನ್ನೂ ಕೊಡದೆ ಬಿಟ್ಟುಬಿಡುತ್ತದೆ. ಸರಾಸರಿಯಷ್ಟೇ ಬೇಕಿದ್ದರೆ ಇದರಿಂದ ತೊಂದರೆಯಿಲ್ಲ. ಎಷ್ಟು ಮಂದಿ ಉತ್ತರಿಸಲಿಲ್ಲ ಎಂಬುದೂ ವರದಿಯಲ್ಲಿ ಬರಬೇಕಾದರೆ, ಅನ್‌ಪಿವಟ್‌ಗೆ ಮುಂಚೆ ಪ್ರಶ್ನೆಗಳ ಕಾಲಂಗಳನ್ನು ಪಠ್ಯ ಪ್ರಕಾರಕ್ಕೆ ಬದಲಿಸಿ, ಖಾಲಿ ಮೌಲ್ಯಗಳ ಜಾಗದಲ್ಲಿ ‘ಉತ್ತರವಿಲ್ಲ’ ಎಂದು ತುಂಬಿ, ಅನ್‌ಪಿವಟ್ ಆದ ಮೇಲೆ ಅಂಕಿಗಳನ್ನಷ್ಟೇ ಹಿಡಿಯುವ ‘ಅಂಕ’ ಎಂಬ ಮತ್ತೊಂದು ಕಾಲಂ ಸೇರಿಸಿ. ಎಣಿಕೆಗೆ ಉತ್ತರದ ಕಾಲಂ, ಸರಾಸರಿಗೆ ಅಂಕದ ಕಾಲಂ. ಖಾಲಿ ಜಾಗಕ್ಕೆ ಸೊನ್ನೆಯನ್ನು ಮಾತ್ರ ತುಂಬಬೇಡಿ: 38 ಮಂದಿ ಸೇರಿ 152 ಅಂಕ ಕೊಟ್ಟಿದ್ದರೆ ಸರಾಸರಿ 4, ಉತ್ತರಿಸದ ಇಬ್ಬರಿಗೆ ಸೊನ್ನೆ ಹಾಕಿದ ಕೂಡಲೇ ಅದು 3.8ಕ್ಕೆ ಇಳಿಯುತ್ತದೆ. ಸುಮ್ಮನಿದ್ದವರ ಬಾಯಿಗೆ ಅವರು ಹೇಳದ ಮಾತನ್ನು ತುರುಕಿದಂತಾಗುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಸೂತ್ರದಿಂದಲೇ ಇದನ್ನು ಮಾಡಬಹುದು. ಕ್ರಮಸಂಖ್ಯೆ, ತಲೆಬರಹ ಮತ್ತು ಉತ್ತರವನ್ನು ನಡುವೆ ಒಂದು ಗುರುತು ಹಾಕಿ ಜೋಡಿಸಿ, ಫ್ಲ್ಯಾಟನ್ ಸೂತ್ರದಿಂದ ಒಂದೇ ಕಾಲಂಗೆ ತಂದು, ಸ್ಪ್ಲಿಟ್ ಸೂತ್ರದಿಂದ ಮತ್ತೆ ಬಿಡಿಸಿ, ಇಡೀ ಸೂತ್ರವನ್ನು ಅರೇಫಾರ್ಮುಲಾದೊಳಗೆ ಇಡಬೇಕು. ಗುರುತಾಗಿ ಬಳಸುವ ಚಿಹ್ನೆ ಯಾವ ಉತ್ತರದಲ್ಲೂ ಇರಬಾರದು. ಸ್ಪ್ಲಿಟ್ ತಾನಾಗಿ ಖಾಲಿ ತುಣುಕುಗಳನ್ನು ತೆಗೆದುಹಾಕುವುದರಿಂದ ನಡುವಿನ ಒಂದು ಮೌಲ್ಯ ಖಾಲಿಯಿದ್ದರೆ ಮುಂದಿನದು ಎಡಕ್ಕೆ ಸರಿದು ತಪ್ಪು ಕಾಲಂನಲ್ಲಿ ಕೂರುತ್ತದೆ. ಇದನ್ನು ತಡೆಯಲು ಸ್ಪ್ಲಿಟ್ ಸೂತ್ರದ ನಾಲ್ಕನೆಯ ಜಾಗದಲ್ಲಿ ‘ಫಾಲ್ಸ್’ ಎಂದು ಕೊಡಬೇಕು.

ಒಂದಕ್ಕಿಂತ ಹೆಚ್ಚು ಆಯ್ಕೆಗೆ ಅವಕಾಶವಿರುವ ಪ್ರಶ್ನೆಗಳನ್ನು ಪ್ರತ್ಯೇಕ ಟೇಬಲ್ ಆಗಿ ಉದ್ದವಾಗಿಸಿ. ಇಂಥ ಉತ್ತರಗಳು ಹಲವು ವೇಳೆ ಒಂದೇ ಸೆಲ್‌ನಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟು ಬರುತ್ತವೆ; ಪವರ್ ಕ್ವೆರಿಯ ‘ಸ್ಪ್ಲಿಟ್ ಕಾಲಂ’ನ ಹೆಚ್ಚಿನ ಆಯ್ಕೆಗಳಲ್ಲಿ ‘ರೋಸ್’ (ಸಾಲುಗಳು) ಎಂಬುದನ್ನು ಆರಿಸಿದರೆ ಒಂದೊಂದು ಆಯ್ಕೆಗೂ ಒಂದೊಂದು ಸಾಲು ಸಿಗುತ್ತದೆ. ಆಯ್ಕೆಯ ವಾಕ್ಯದಲ್ಲೇ ಅಲ್ಪವಿರಾಮವಿದ್ದರೆ ಅದನ್ನು ಮೊದಲೇ ಬದಲಿಸಿ. ಶೇಕಡಾವಾರು ಲೆಕ್ಕ ಹಾಕುವಾಗ ವಿಶೇಷ ಎಚ್ಚರ ಬೇಕು. ನಮ್ಮ 40 ಮಂದಿ ಒಟ್ಟು 90 ಗುರುತು ಹಾಕಿ, ಅವರಲ್ಲಿ 24 ಮಂದಿ ‘ಸಂಜೆಯ ತರಗತಿ’ ಆರಿಸಿದ್ದರೆ, ಪಿವಟ್ ಟೇಬಲ್‌ನ ಶೇಕಡಾವಾರು ಸೌಲಭ್ಯವು ಸಾಲುಗಳ ಮೊತ್ತದಿಂದ ಭಾಗಿಸಿ 26.7 ಎನ್ನುತ್ತದೆ. ಸಂಜೆಯ ತರಗತಿ ಬೇಕೆಂದವರು ಶೇ. 60. ಆದ್ದರಿಂದ ಛೇದ 40 ಆಗಿರಬೇಕು. ಆ ಸಂಖ್ಯೆಯನ್ನು ಮೂಲದ ಅಗಲ ಹಾಳೆಯಿಂದ ಎಣಿಸಿಕೊಳ್ಳಿ, ಅಥವಾ ಪಿವಟ್ ಮಾಡುವಾಗ ದತ್ತಾಂಶವನ್ನು ಡೇಟಾ ಮಾಡೆಲ್‌ಗೆ ಸೇರಿಸಿ ಕ್ರಮಸಂಖ್ಯೆಗೆ ‘ಡಿಸ್ಟಿಂಕ್ಟ್ ಕೌಂಟ್’ (ಒಬ್ಬರನ್ನು ಒಂದೇ ಸಲ ಎಣಿಸುವ ಆಯ್ಕೆ) ಹಾಕಿ. ಯಾವ ಆಯ್ಕೆಯನ್ನೂ ಗುರುತಿಸದವರು ಉದ್ದ ಟೇಬಲ್‌ನಲ್ಲಿ ಇಲ್ಲದೇ ಹೋಗಬಹುದಾದ್ದರಿಂದ ಮೊದಲ ದಾರಿಯೇ ಹೆಚ್ಚು ಭದ್ರ.