ಕೇಳುಗರ ಮರುಮಾತು: ನಮ್ಮ ಪ್ರಶ್ನೋತ್ತರ ಸಂಚಿಕೆ ಕೊನೆಗೂ ದಡ ಸೇರಿದ ಬಗೆ

ರಾಜಕೀಯ ಮತ್ತು ಸಂಸ್ಕೃತಿಯ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಸುವವರಲ್ಲಿ ಪ್ರಶ್ನೋತ್ತರ ಸಂಚಿಕೆ ಮಾಡಿ ಕೈಸುಟ್ಟುಕೊಳ್ಳದವರು ಕಡಿಮೆ. ನಾನು ಮೂರು ಸಲ ಸುಟ್ಟುಕೊಂಡೆ. ನಾಲ್ಕನೆಯ ಸಲಕ್ಕೆ ನಾನು ಯೋಚಿಸಿದ ಕ್ರಮ ಸರಳವಾಗಿತ್ತು: ಪ್ರಶ್ನೆ ಕೇಳಿದವರಿಗೆ ನಮ್ಮ ಉತ್ತರವನ್ನು ಪ್ರಸಾರಕ್ಕೆ ಮೊದಲೇ ಕೇಳಿಸುವುದು, ಅದಕ್ಕೆ ಅವರು ಆಡುವ ಮರುಮಾತನ್ನು ಧ್ವನಿಮುದ್ರಿಸಿಕೊಂಡು ಅದೇ ಸಂಚಿಕೆಯೊಳಗೆ ಸೇರಿಸುವುದು. ನನ್ನೊಂದಿಗೆ ನಿರೂಪಣೆ ಮಾಡುವ ಗೆಳೆಯ ಬೇಡವೆಂದ. ಇದೇ ಕೆಲಸದಲ್ಲಿರುವ ಇನ್ನಿಬ್ಬರು, ಜನ ಮಾತಾಡುವುದಿಲ್ಲ, ಮಾತಾಡಿದರೂ ಬೈಯುತ್ತಾರೆ, ರಾಜಕೀಯವೆಂದ ಮೇಲೆ ಕೇಳುವುದೇ ಬೇಡ ಎಂದರು. ಈಗ ಅದೇ ಕ್ರಮದಲ್ಲಿ ಆರು ಸಂಚಿಕೆಗಳು ಹೊರಬಂದಿವೆ. ಆ ಇಬ್ಬರಲ್ಲಿ ಒಬ್ಬರು ಕಳೆದ ತಿಂಗಳು ತಾವಾಗಿಯೇ ಫೋನ್ ಮಾಡಿ ವಿವರ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ 2023ರ ವಿಧಾನಸಭಾ ಚುನಾವಣೆಯ ಕಾಲದ್ದು. ಆನ್‌ಲೈನ್ ಫಾರಂ ಒಂದನ್ನು ಮಾಡಿ, ಅದರ ಜಾಹೀರಾತಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಸುರಿದೆ. ಮೂವತ್ತರ ಆಸುಪಾಸು ಪ್ರಶ್ನೆಗಳು ಬಂದವು; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಖ್ಯಮಂತ್ರಿ ಯಾರಾಗುತ್ತಾರೆ ಎಂಬ ಒಂದೇ ಪ್ರಶ್ನೆಯ ನಾನಾ ರೂಪಗಳು. ಮೇ 13ರಂದು ಫಲಿತಾಂಶ ಬಂತು, ನಾವು 15ರಂದು ಕುಳಿತು ಗಂಟೆಗಟ್ಟಲೆ ವಿಶ್ಲೇಷಿಸಿದೆವು, 18ರಂದು ಹೆಸರು ಪ್ರಕಟವಾಯಿತು, ನಮ್ಮ ಸಂಚಿಕೆ ಹೊರಬಂದದ್ದು 20ರಂದು, ಅಂದರೆ ಪ್ರಮಾಣವಚನದ ದಿನವೇ. ಎರಡನೆಯದು ನೇರಪ್ರಸಾರ. ಎರಡು ಗಂಟೆಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರಿಸಲು ಸಾಧ್ಯವಾಯಿತು. ಉಳಿದ ಹೊತ್ತೆಲ್ಲ ಎರಡು ಗುಂಪುಗಳ ಜಗಳವನ್ನು ಬಿಡಿಸುವುದರಲ್ಲಿ ಹೋಯಿತು.

ಮೂರನೆಯ ಸೋಲಿನಿಂದ ಹೆಚ್ಚು ಕಲಿತೆ. ಆ ಸಲ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶಗಳನ್ನೇ ಕೇಳಿದ್ದೆವು, ಚೆನ್ನಾಗಿಯೂ ಬಂದಿದ್ದವು. ಆದರೆ ಹಿನ್ನೆಲೆಯ ಗದ್ದಲಕ್ಕೆ ಹೆದರಿ, ಪ್ರಶ್ನೆಗಳನ್ನು ತಿದ್ದಿ ತೀಡಿ ಶಿಷ್ಟ ಕನ್ನಡದಲ್ಲಿ ನಾವೇ ಓದಿದೆವು. ಎಡಿಟಿಂಗ್‌ಗೆ ಮೂರೂವರೆ ಸಾವಿರ ಕೊಟ್ಟೆ. ಹತ್ತನೆಯ ನಿಮಿಷ ತಲುಪುವಷ್ಟರಲ್ಲಿ ಅರ್ಧದಷ್ಟು ಕೇಳುಗರು ಬಿಟ್ಟುಹೋಗಿದ್ದರು. ಕೇಳಿದವರ ದನಿ ಇಲ್ಲದ ಪ್ರಶ್ನೆ, ನಾವೇ ಹುಟ್ಟಿಸಿಕೊಂಡ ಪ್ರಶ್ನೆಯಂತೆ ಕೇಳಿಸುತ್ತದೆ ಎಂಬುದು ಅಂದು ಮನಸ್ಸಿಗೆ ನಾಟಿತು.

ಈಗ ಮಾಡುವುದು ಹೀಗೆ. ಪ್ರಶ್ನೆಯನ್ನು ಬಂದ ಹಾಗೆಯೇ, ಮೋಟರಿನ ಸದ್ದೋ ಮಗುವಿನ ಅಳುವೋ ಇದ್ದರೂ, ಪೂರ್ತಿಯಾಗಿ ಹಾಕುತ್ತೇವೆ. ದನಿಯ ಮಟ್ಟವನ್ನು ಮಾತ್ರ ಏರಿಸಿ ನಮ್ಮ ದನಿಗೆ ಸರಿದೂಗಿಸುತ್ತೇವೆ. ಉತ್ತರವನ್ನು ಮುದ್ರಿಸಿದ ಮರುದಿನ ಆ ತುಣುಕನ್ನು ಪ್ರಶ್ನೆ ಕೇಳಿದವರಿಗೆ ಕಳುಹಿಸುತ್ತೇವೆ. ಎರಡು ದಿನ ಬಿಟ್ಟು ಕರೆ ಮಾಡಿ, ಒಪ್ಪಿಗೆ ಪಡೆದು, ಅವರ ಮಾತನ್ನು ಮುದ್ರಿಸಿಕೊಳ್ಳುತ್ತೇವೆ. ಕರೆಯ ಆರಂಭದಲ್ಲಿ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಕೇಳಿದ ಮೇಲೆ ಸಂಕೋಚದವರೂ ಮನಬಿಚ್ಚಿ ಮಾತಾಡುತ್ತಾರೆ. ಅದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ಕ್ರಮದ ಬೆಲೆ ಗೊತ್ತಾದದ್ದು ಮೊದಲ ಸಂಚಿಕೆಯಲ್ಲೇ. ಕಲ್ಯಾಣ ಕರ್ನಾಟಕಕ್ಕೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲಾತಿಯಂಥ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಬಂದ ಪ್ರಶ್ನೆಗೆ ನಾನು 2012ರ 98ನೇ ತಿದ್ದುಪಡಿಯಿಂದ ಆರಂಭಿಸಿ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂದು ಆರು ಜಿಲ್ಲೆಗಳನ್ನು ಎಣಿಸಿ ಮುಗಿಸಿದ್ದೆ. ಪ್ರಶ್ನೆ ಕೇಳಿದ್ದ ಹೊಸಪೇಟೆಯ ಹೆಣ್ಣುಮಗಳು ಉದ್ಯೋಗದ ಪರೀಕ್ಷೆಗೆ ಓದುತ್ತಿದ್ದವರು. ಕರೆ ಮಾಡಿದಾಗ ಅವರು, “ಸರ್, ಎಲ್ಲಾ ಛಲೋ ಹೇಳೀರಿ, ಆದ್ರ ಆರ ಜಿಲ್ಲಾ ಅಂದ್ರಿ. ನಮ್ಮ ವಿಜಯನಗರ ಎಲ್ಲಿ ಹೋತ್ರಿ?” ಎಂದರು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಜಿಲ್ಲೆಯನ್ನು ನಾನು ಹಳೆಯ ಟಿಪ್ಪಣಿ ನೋಡಿ ಬಿಟ್ಟಿದ್ದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಈಗ ಏಳು. ಗೆಳೆಯ ನನ್ನ ತಪ್ಪನ್ನು ಕತ್ತರಿಸಿ ಹೊಸದಾಗಿ ಮುದ್ರಿಸೋಣ ಎಂದ. ನಾನು ಒಪ್ಪಲಿಲ್ಲ. ನನ್ನ ತಪ್ಪು, ಅವರ ತಿದ್ದುಪಡಿ, ನನ್ನ ಒಪ್ಪಿಗೆ ಮೂರೂ ಹಾಗೆಯೇ ಹೋದವು. ಆ ಸಂಚಿಕೆಯನ್ನು ಕೊನೆಯವರೆಗೆ ಕೇಳಿದವರು ನೂರಕ್ಕೆ ಅರವತ್ತರ ಮೇಲಿದ್ದರೆಂದು ನೆನಪು. ಅದಕ್ಕೆ ಮುಂಚೆ ನಾವು ಮೂವತ್ತನ್ನು ದಾಟಿದ್ದಿಲ್ಲ.

ಎರಡನೆಯ ಸಂಚಿಕೆಯಲ್ಲಿ ಅಂಕಿಅಂಶದ ತಪ್ಪಿರಲಿಲ್ಲ, ಆದರೂ ಉತ್ತರ ಸಾಲಲಿಲ್ಲ. ಕಾವೇರಿಯಲ್ಲಿ ನಮ್ಮ ಪಾಲೆಷ್ಟು ಎಂಬ ಪ್ರಶ್ನೆಗೆ, ನ್ಯಾಯಮಂಡಳಿಯ 2007ರ ತೀರ್ಪಿನ 270 ಟಿಎಂಸಿಗೆ ಸುಪ್ರೀಂ ಕೋರ್ಟ್ 2018ರಲ್ಲಿ 14.75 ಸೇರಿಸಿ 284.75 ಮಾಡಿದ್ದನ್ನು, ಆ ಹೆಚ್ಚಳದಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದು ಇರುವುದನ್ನು ಬಿಡಿಸಿ ಹೇಳಿದ್ದೆವು. ಮಳವಳ್ಳಿ ಕಡೆಯ ಹಿರಿಯ ರೈತರೊಬ್ಬರು ಶಾಂತವಾಗಿ ಕೇಳಿಸಿಕೊಂಡು, “ಲೆಕ್ಕ ಸರಿಯಾಗೇ ಅದೆ ಸ್ವಾಮಿ. ಅದ್ರಲ್ಲಿ ನಾಲೆ ಕೊನೇಲಿರೋ ನಮ್ಮ ಗದ್ದೆಗೆ ಎಷ್ಟು ಬತ್ತದೆ ಅಂತ ಯೋಳ್ನಿಲ್ವಲ್ಲ” ಎಂದರು. ಅವರ ಪ್ರಶ್ನೆ ರಾಜ್ಯಗಳ ನಡುವಣ ಹಂಚಿಕೆಯ ಬಗ್ಗೆ ಎಂದು ನಾನು ಅಂದುಕೊಂಡಿದ್ದೆ. ಅವರು ಕೇಳಿದ್ದು ಕೃಷ್ಣರಾಜಸಾಗರ ಪೂರ್ತಿ 124.80 ಅಡಿ ತುಂಬಿದ ವರ್ಷವೂ ನಾಲೆಯ ತುದಿಗೆ ನೀರು ತಲುಪುವುದು ಏಕೆ ತಡ ಎಂಬುದನ್ನು. ಅವರ ಮರುಮಾತಿನಿಂದಲೇ ಮೂರನೆಯ ಸಂಚಿಕೆ ಹುಟ್ಟಿತು. ಅದಕ್ಕಾಗಿ ನಾವು ನಾಲೆಯ ಗುಂಟ ಒಂದು ದಿನ ಓಡಾಡಿ ಮುದ್ರಿಸಿಕೊಂಡು ಬಂದೆವು. ಡೀಸೆಲ್ ಮತ್ತು ಊಟಕ್ಕೆ ಎರಡೂವರೆ ಸಾವಿರವಾಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಧ್ವನಿ ಸಂದೇಶಗಳನ್ನು ಕಂಪ್ಯೂಟರಿನಿಂದ ಬರಹಕ್ಕೆ ಇಳಿಸಲು ಹೋದಾಗ ಮೈಸೂರಿನವರ ಮಾತು ತಕ್ಕಮಟ್ಟಿಗೆ ಬಂತು, “ಹೊಂಟೀವ್ರಿ”, “ಮಾಡಾಕತ್ತೀವಿ” ಎಂಬಲ್ಲಿ ಅದು ಏನೇನೋ ಬರೆಯಿತು. ಆದ್ದರಿಂದ ಈಗಲೂ ಕೈಯಲ್ಲೇ ಬರೆದುಕೊಳ್ಳುತ್ತೇನೆ. ಕೇಳುಗರು ಮಿಸ್ಡ್ ಕಾಲ್ ಕೊಡಲೆಂದು ಪಡೆದ ಸಂಖ್ಯೆಗೆ ವರ್ಷಕ್ಕೆ ಆರು ಸಾವಿರ ಕೊಟ್ಟದ್ದು ವ್ಯರ್ಥವಾಯಿತು. ಸಂಚಿಕೆಯನ್ನು ಮೊನೊಗೆ, ಅಂದರೆ ಒಂದೇ ಚಾನೆಲ್‌ನ ಧ್ವನಿಗೆ ಇಳಿಸಿ, ಚಿಕ್ಕ ಗಾತ್ರದ ಕಡತವಾಗಿ ನೇರವಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದು ಮಾತ್ರ ನಿರೀಕ್ಷೆಗೂ ಮೀರಿ ಫಲ ಕೊಟ್ಟಿತು. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಬಗ್ಗೆ ನಾವು ಮಾತಾಡಿದ ಸಂಚಿಕೆ ಹೀಗೆಯೇ ಬಾದಾಮಿ, ಗುಳೇದಗುಡ್ಡದ ಕಡೆ ಕೈಯಿಂದ ಕೈಗೆ ಹೋಗಿ, ಒಂದೇ ವಾರದಲ್ಲಿ ನಲವತ್ತು ಮರುಮಾತುಗಳನ್ನು ತಂದಿತು.

ಹಣದ ಲೆಕ್ಕ: ಎರಡು ಮೈಕಿಗೆ ಹದಿನಾಲ್ಕು ಸಾವಿರ, ಕರೆಗಳಿಗೆಂದೇ ಕೊಂಡ ಹಳೆಯ ಫೋನಿಗೆ ಐದೂವರೆ, ಎಡಿಟಿಂಗ್ ಮಾಡುವ ವಿದ್ಯಾರ್ಥಿಗೆ ಸಂಚಿಕೆಗೆ ಸಾವಿರದ ಇನ್ನೂರು. ಮೊದಲ ಮೂರು ಸಂಚಿಕೆಗಳು ಕೈಯಿಂದಲೇ ಹೋದವು. ನಾಲ್ಕನೆಯದರ ಕೊನೆಯಲ್ಲಿ ಖರ್ಚನ್ನು ಮುಚ್ಚುಮರೆಯಿಲ್ಲದೆ ಓದಿ ಹೇಳಿದೆ. ಆಮೇಲಿನ ಮೂರು ತಿಂಗಳಲ್ಲಿ ಕೇಳುಗರಿಂದ ಮೂವತ್ತೆಂಟು ಸಾವಿರದಷ್ಟು ಬಂತು, ಹೆಚ್ಚಿನವು ಐವತ್ತು ನೂರರ ಮೊತ್ತಗಳು. ಬೈಗುಳದ ಬಗ್ಗೆ ಹೇಳುವುದಾದರೆ, ಆರು ಸಂಚಿಕೆಗಳ ಕರೆಗಳಲ್ಲಿ ನನ್ನನ್ನು ಬೈದವರು ಇಬ್ಬರು. ಅವರಲ್ಲಿ ಒಬ್ಬರು ಕಾರಣ ಕೊಟ್ಟೇ ಬೈದಿದ್ದರು, ಅವರ ಮಾತನ್ನು ಪೂರ್ತಿಯಾಗಿ ಹಾಕಿದ್ದೇವೆ.

ಹೊಸಪೇಟೆಯ ಆ ಹೆಣ್ಣುಮಗಳು ಈಗ ಪ್ರತಿ ಸಂಚಿಕೆಯ ಉತ್ತರಗಳನ್ನು ಪ್ರಸಾರಕ್ಕೆ ಮುಂಚೆ ಕೇಳಿ ತಿದ್ದುತ್ತಾರೆ. ಅದಕ್ಕೆ ಸಂಚಿಕೆಗೆ ಐನೂರು ರೂಪಾಯಿ ಕೊಡುತ್ತೇವೆ. ಅದು ಕಡಿಮೆಯೆಂದು ನನಗೆ ಗೊತ್ತಿದೆ. ಬರುವ ತಿಂಗಳಿನಿಂದ ಸಾವಿರ ಮಾಡುತ್ತಿದ್ದೇವೆ.