ಎಂಎಲ್‌ಆರ್ ಹಾಕೋದು ಹೇಗೆ, ಎಲ್ಲಿ ಕೈ ಕೊಡುತ್ತೆ

ಎಂಎಲ್‌ಆರ್ ಅಂದ್ರೆ ಮಿಕ್ಸ್ಡ್ ಲಿಂಫೋಸೈಟ್ ರಿಯಾಕ್ಷನ್. ಇಬ್ಬರ ಬಿಳಿ ರಕ್ತಕಣ ಒಂದೇ ವೆಲ್‌ಗೆ (ಪ್ಲೇಟಿನ ಸಣ್ಣ ಗುಳಿಗೆ) ಹಾಕಿಟ್ರೆ ಅವು ಸುಮ್ನಿರಲ್ಲ, ಎದುರಿನವರ ಎಚ್‌ಎಲ್‌ಎ (ಸೆಲ್ ಮೇಲಿರೋ ಗುರುತಿನ ಪ್ರೋಟೀನು), ಅದರಲ್ಲೂ ಡಿಆರ್ ಅನ್ನೋ ಬಗೆ, ಬೇರೆ ಇದ್ರೆ ಟಿ ಸೆಲ್‌ಗಳು (ಹೊರಗಿನದನ್ನ ಗುರುತಿಸೋ ಬಿಳಿ ಕಣಗಳು) ಕೆರಳಿ ದಪ್ಪಗಾಗಿ ಒಡೆದು ಎರಡೆರಡಾಗ್ತಾ ಹೋಗ್ತವೆ. 1964ರಲ್ಲೇ ಇದನ್ನ ಬರೆದಿಟ್ಟಿದಾರೆ. ಕಸಿ ಮಾಡಿದ ಕಿಡ್ನಿ ಮೇಲೆ ಮೈಯೊಳಗೆ ನಡಿಯೋ ಜಗಳದ ಸಣ್ಣ ರೂಪ ಅನ್ಕೊಳ್ಳಿ.

ಮೊದಲು ಹೆಪಾರಿನ್ ಹಾಕಿದ ರಕ್ತ ತಗೊಂಡು ಫೈಕಾಲ್ (ಸೆಲ್ ಬೇರ್ಪಡಿಸೋ ದಟ್ಟ ದ್ರವ) ಮೇಲೆ ಮೆಲ್ಲಗೆ ಇಳಿಸಿ, ಸೆಂಟ್ರಿಫ್ಯೂಜಲ್ಲಿ ಬ್ರೇಕ್ ಆಫ್ ಮಾಡಿ ತಿರುಗಿಸಿ, ಮಧ್ಯ ಮೋಡದ ಥರ ಬಿಳಿ ಪದರ ಕೂತಿರುತ್ತಲ್ಲ ಅದೇ ನಮಗೆ ಬೇಕಿರೋದು.

ಡೋನರ್ (ಕಿಡ್ನಿ ಕೊಡೋರ) ಸೆಲ್ ಬದುಕಿರಬೇಕು ಆದ್ರೆ ಬೆಳೀಬಾರದು, ಎರಡು ಕಡೆಯೂ ಬೆಳೆದ್ರೆ ಯಾರು ಬೆಳೆದ್ರು ಅಂತ ಹೇಳೋಕಾಗಲ್ಲ. ಅದಕ್ಕೆ ರೇಡಿಯೇಶನ್ ಕೊಡಿ, ಇಲ್ಲಾಂದ್ರೆ ಮೈಟೊಮೈಸಿನ್ ಸಿ (ಸೆಲ್ ಒಡೆಯೋದನ್ನ ನಿಲ್ಲಿಸೋ ಔಷಧಿ), ಮಿಲಿಗೆ 25-50 ಮೈಕ್ರೊಗ್ರಾಂ, 37 ಡಿಗ್ರಿಲಿ ಅರ್ಧ ಗಂಟೆ, ಬೆಳಕು ಬೀಳದ ಹಾಗೆ ಫಾಯಿಲ್ ಸುತ್ತಿ. ಆಮೇಲೆ ಕನಿಷ್ಠ ಮೂರು ಸಲ ತೊಳೀರಿ. ನಾನು ಒಮ್ಮೆ ಊಟಕ್ಕೆ ಹೊತ್ತಾಯ್ತು ಅಂತ ಒಂದೇ ಸಲ ತೊಳೆದೆ, ಆರು ದಿನ ಕಾದ ಮೇಲೆ ಮಿಕ್ಸ್ ಮಾಡಿದ ವೆಲ್ ಎಲ್ಲಾ ಸೊನ್ನೆ, ಬರೀ ರಿಸಿಪಿಯೆಂಟ್ (ಕಿಡ್ನಿ ಪಡೆಯೋರ) ಸೆಲ್‌ಗೆ ಪಿಎಚ್‌ಎ (ಟಿ ಸೆಲ್ ಕೆರಳಿಸೋ ಸಸ್ಯದ ಪ್ರೋಟೀನು) ಹಾಕಿದ್ದ ವೆಲ್ ಮಾತ್ರ ಚೆನ್ನಾಗಿ ಬೆಳೆದಿತ್ತು, ಉಳಿದ ಮೈಟೊಮೈಸಿನ್ನೇ ಕಳ್ಳ ಅಂತ ಅಲ್ಲೇ ಗೊತ್ತಾಯ್ತು.

96 ವೆಲ್‌ನ ದುಂಡು ತಳದ ಪ್ಲೇಟು ತಗೊಳ್ಳಿ, ಸೆಲ್‌ಗಳು ಒಂದಕ್ಕೊಂದು ತಾಗಬೇಕಲ್ವಾ. ವೆಲ್‌ಗೆ ಎರಡು ಕಡೆಯಿಂದ ಒಂದೊಂದು ಲಕ್ಷ, ಆರ್‌ಪಿಎಂಐ (ಸೆಲ್ ಬೆಳೆಸೋ ದ್ರವ) ಜೊತೆ ಎಬಿ ಗುಂಪಿನವರ 10% ಸೀರಂ, 5% ಕಾರ್ಬನ್ ಡೈಆಕ್ಸೈಡ್. ಅಂಚಿನ ವೆಲ್‌ಗಳು ಒಣಗ್ತವೆ, ಅಲ್ಲಿ ಬರೀ ಪಿಬಿಎಸ್ (ಉಪ್ಪು ದ್ರಾವಣ) ಹಾಕಿಬಿಡಿ. ರಿಸಿಪಿಯೆಂಟ್‌ಗೆ ಅವರದ್ದೇ ಮೈಟೊಮೈಸಿನ್ ಸೆಲ್ ಹಾಕಿರೋ ಕಂಟ್ರೋಲ್ ಮರೀಬೇಡಿ.

ಐದಾರು ದಿನಕ್ಕೆ ಮೈಕ್ರೊಸ್ಕೋಪಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಗುಂಪು ಕಾಣುತ್ತೆ. ಎಣಿಸೋಕೆ ಟ್ರಿಷಿಯಂ ಥೈಮಿಡಿನ್ (ಹೊಸ ಡಿಎನ್‌ಎಗೆ ಸೇರೋ ವಿಕಿರಣದ ಗುರುತು), ಇಲ್ಲಾ ಸಿಎಫ್‌ಎಸ್‌ಇ ಅನ್ನೋ ಹೊಳೆಯೋ ಬಣ್ಣ, ಪ್ರತಿ ಸಲ ಸೆಲ್ ಒಡೆದಾಗ ಹೊಳಪು ಅರ್ಧ ಆಗುತ್ತೆ. ನನಗಂತೂ ಸಿಎಫ್‌ಎಸ್‌ಇನೇ ವಾಸಿ.

ರಿಸಿಪಿಯೆಂಟ್ ಸೆಲ್‌ಗಳು ನಿಜವಾಗ್ಲೂ ಆ ಡೋನರ್‌ನ ನೆನಪಿಟ್ಟು ಪಳಗಿದಾವಾ ನೋಡ್ಬೇಕಂದ್ರೆ ಹತ್ತು-ಹದಿನಾಲ್ಕು ದಿನ ಬಿಟ್ಟು ಅದೇ ಡೋನರ್ ಸೆಲ್ ಮತ್ತೆ ಕೊಡಿ, ಈ ಸಲ ಒಂದೆರಡು ದಿನದಲ್ಲೇ ಎದ್ದು ನಿಲ್ತವೆ, ಸಂಬಂಧ ಇಲ್ಲದ ಮೂರನೆಯವರ ಸೆಲ್‌ಗೆ ಆ ಅವಸರ ಇರಲ್ಲ. ಎಚ್‌ಎಲ್‌ಎ-ಡಿಪಿ (ಡಿಆರ್ ಥರದ್ದೇ ಇನ್ನೊಂದು ಬಗೆ) ಮೊದಲು ಸಿಕ್ಕಿದ್ದೇ ಹೀಗೆ ಪಳಗಿಸಿದ ಸೆಲ್‌ಗಳಿಂದ. ಅದಕ್ಕೇ ಮೊದಲನೇ ದಿನವೇ ಡೋನರ್ ಸೆಲ್ ಎರಡು ವೈಲ್ ಫ್ರೀಜ್ ಮಾಡಿಟ್ಕೊಳ್ಳಿ, ಆಮೇಲೆ ಅವರನ್ನ ಹುಡುಕ್ಕೊಂಡು ಹೋಗಿ ಇನ್ನೊಂದು ಸಿರಿಂಜ್ ರಕ್ತ ಕೊಡಿ ಅಂತ ಕೇಳೋದು ತಪ್ಪುತ್ತೆ.