ಅಮೆರಿಕದ ಡಬ್ಬಿ, ಅತ್ತಿಗೆಯ ಅರಿಶಿನ: ಖಿನ್ನತೆಯ ಮಾತ್ರೆ ಜೊತೆ ಯಾವುದು ಸರಿ?

ಮೂಡಿಗೆರೆ ಹತ್ತಿರ ನಮ್ಮದು ಮೂರೆಕರೆ ಕಾಫಿ, ಮರಕ್ಕೆಲ್ಲ ಮೆಣಸಿನ ಬಳ್ಳಿ. ನಾನು ಖಿನ್ನತೆಗೆ ಮಾತ್ರೆ ನುಂಗಲು ಶುರು ಮಾಡಿ ಎರಡು ವರ್ಷವಾಯ್ತು. ವಿಷಯ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಪುಡಿ ಹಿಡಿದೇ ಬಂದರು. ಬೇಡ ಅನ್ನೋದು ಕಷ್ಟ, ಅಲ್ವಾ?

ಬಂದದ್ದನ್ನೆಲ್ಲ ಎರಡು ಗುಂಪು ಮಾಡಿ. ಅಡುಗೆಗೆ ಬೀಳುವಷ್ಟು ಒಂದು ಕಡೆ. ಕ್ಯಾಪ್ಸೂಲು, ಸಾರ ತೆಗೆದ ಪುಡಿ ಇನ್ನೊಂದು ಕಡೆ. ಒಂದೆಲಗದ ತಂಬುಳಿ ಆರಾಮಾಗಿ ಉಣ್ಣಿ. ನಮ್ಮ ಕಡೆ ಅದನ್ನೇ ಬ್ರಾಹ್ಮಿ ಅಂತಾರೆ, ಆದರೆ ಅಂಗಡಿಯ ಬ್ರಾಹ್ಮಿ ಸಾಮಾನ್ಯವಾಗಿ ಬಕೋಪಾ ಅನ್ನೋ ಬೇರೆ ಗಿಡ. ಅದಕ್ಕೇ ಡಬ್ಬಿ ಹಿಂದಿನ ಸಣ್ಣಕ್ಷರ ಓದಬೇಕು.

ಅತ್ತಿಗೆ ದಿನಾ ರಾತ್ರಿ ಹಾಲಿಗೆ ಅರಿಶಿನ, ಚಿಟಿಕೆ ಮೆಣಸು ಹಾಕಿ ಕೊಡುತ್ತಾರೆ. ಕುಡಿಯುತ್ತೇನೆ. ಆದರೆ ಅರಿಶಿನದಲ್ಲಿ ಕೆಲಸ ಮಾಡುವ ಅಂಶವಾದ ಕರ್ಕ್ಯುಮಿನ್ ಇರೋದು ನೂರಕ್ಕೆ ಸುಮಾರು 3 ಪಾಲು, ಅದೂ ರಕ್ತಕ್ಕೆ ಸರಿಯಾಗಿ ಇಳಿಯುವುದಿಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮೈಗೆ ಹತ್ತಿದ್ದು ಸುಮಾರು ಇಪ್ಪತ್ತು ಪಟ್ಟು! ನಮ್ಮ ಮೆಣಸು ಅಂತ ಹೆಮ್ಮೆಯಾಯ್ತು. ಆದರೆ ಅದೇ ಪೈಪರಿನ್ ಬೇರೆ ಮಾತ್ರೆಗಳನ್ನೂ ಹೀಗೆ ಏರಿಸಬಹುದು. ಹಾಗಾಗಿ ಹಾಲು ಮೊದಲ ಗುಂಪಿಗೆ, ಪೈಪರಿನ್ ಸೇರಿಸಿದ ಕ್ಯಾಪ್ಸೂಲು ಎರಡನೆಯದಕ್ಕೆ.

ಕೇಸರಿ? ದಿನಕ್ಕೆ 30 ಮಿಲಿಗ್ರಾಂ ಸಾರ ಕೊಟ್ಟು ಆರೆಂಟು ವಾರ ನಡೆಸಿದ ಸಣ್ಣ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕಂಡಿದೆ. ದೊಡ್ಡವು ಆಗಬೇಕು. ಪಾಯಸಕ್ಕೆ ಹಾಕೋ ನಾಲ್ಕು ಎಸಳಿಗೆ ಆ ಲೆಕ್ಕ ಹಚ್ಚಬೇಡಿ.

ನಿಜವಾಗಿ ಹೆದರಬೇಕಾದ್ದು ಚಿಕ್ಕಮ್ಮನ ಮಗಳು ಅಮೆರಿಕದಿಂದ ತಂದ ಡಬ್ಬಿಗೆ. ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡದ ಸಾರ, 300 ಮಿಲಿಗ್ರಾಂ, ದಿನಕ್ಕೆ ಮೂರು. ಸೌಮ್ಯ ಖಿನ್ನತೆಗೆ ಇದು ಕೆಲಸ ಮಾಡುತ್ತದೆ. ತೊಂದರೆ ಇರೋದೂ ಅಲ್ಲೇ. ವೈದ್ಯರ ಮಾತ್ರೆ ಜೊತೆ ಸೇರಿದರೆ ಸಿರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಮಿತಿಮೀರಿ ನಡುಕ, ಬೆವರು, ಗಲಿಬಿಲಿ ಬರಬಹುದು. ಅದರಲ್ಲಿರುವ ಹೈಪರ್‌ಫೊರಿನ್ ಬೇರೆ ಔಷಧಿಗಳನ್ನು ಪಿತ್ತಜನಕಾಂಗ ಬೇಗ ಕರಗಿಸುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್ ಆಗ ಸೋಲುತ್ತವೆ. ಅದೇ ಕುಲದ ಹಳದಿ ಹೂವಿನ ಗಿಡ ಬಾಬಾಬುಡನ್‌ಗಿರಿಯಲ್ಲೂ ಇದೆ. ದಯವಿಟ್ಟು ಕಿತ್ತು ಕಷಾಯ ಮಾಡಬೇಡಿ.

ಎರಡನೇ ಗುಂಪಿನ ಪ್ರತಿ ಡಬ್ಬಿಯ ಹಿಂಬದಿ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಬೈತಾರೇನೋ ಅಂತ ಮುಚ್ಚಿಡಬೇಡಿ. ನಾನು ಮುಚ್ಚಿಟ್ಟೆ. ಅಶ್ವಗಂಧ ಶುರು ಮಾಡಿ, ಮಾತ್ರೆಯನ್ನು ಸುಮ್ನೆ ನಿಲ್ಲಿಸಿದೆ. ನಾಲ್ಕನೇ ದಿನ ಕಣದಲ್ಲಿ ಕಾಫಿ ಕೆದಕುವಾಗ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅಂತು, ಅಲ್ಲೇ ಕೂತೆ. ಮಾತ್ರೆ ಬಿಡುವುದಾದರೆ ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ಬದುಕೇ ಬೇಡ ಅನ್ನಿಸಿದ ರಾತ್ರಿ ಮಾತ್ರ ಯಾವ ಡಬ್ಬಿಯನ್ನೂ ಹುಡುಕಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.